ಕುಡಿತ ಬಿಡುವವನಿಗೆ ಜೊತೆ ಬೇಕು

ಬಟವಾಡೆಯ ದಿನ ಗಿರಣಿಯ ಬಾಗಿಲಿನಿಂದ ಖೋಲಿಯವರೆಗಿನ ದಾರಿ ಕೆಲವರಿಗೆ ಬಹಳ ಉದ್ದವಾಗುತ್ತದೆ. ಊರಿಗೆ ಹೋಗಬೇಕಾದ ಹಣ ನಡುದಾರಿಯ ಮದ್ಯದಂಗಡಿಯಲ್ಲಿಯೇ ಕರಗುತ್ತದೆ. ಇಂಥವರನ್ನು ಬಯ್ಯುವುದು ಸುಲಭ. ಆದರೆ ಬೈಗುಳ ತಿಂದು ಕುಡಿತ ಬಿಟ್ಟವರನ್ನು ನಾವು ಕಂಡಿಲ್ಲ. ಮತ್ತಾವುದರಿಂದ ಬಿಡಬಹುದೆಂಬುದನ್ನು ಈ ಸಲ ವಿಚಾರ ಮಾಡೋಣ.

೧೯೩೫ರ ಮೇ ತಿಂಗಳಿನಲ್ಲಿ ಬಿಲ್ ವಿಲ್ಸನ್ ಎಂಬವನು ವ್ಯವಹಾರಕ್ಕಾಗಿ ಅಮೆರಿಕದ ಆ್ಯಕ್ರನ್ ನಗರಕ್ಕೆ ಬಂದಿದ್ದನು. ಅವನು ನ್ಯೂಯಾರ್ಕಿನ ಷೇರುಪೇಟೆಯಲ್ಲಿ ದುಡಿದವನು. ಕುಡಿತದಿಂದ ಹಾಳಾಗಿ, ಅದನ್ನು ಬಿಟ್ಟು ಐದೇ ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತು. ಇಳಿದುಕೊಂಡ ಹೋಟೆಲಿನಲ್ಲಿಯೇ ಮದ್ಯ ಸಿಗುತ್ತಿತ್ತು. ಅವನು ಅತ್ತ ಹೋಗದೆ ಟೆಲಿಫೋನು ಎತ್ತಿ, ತನ್ನಂತೆಯೇ ಕುಡಿತಕ್ಕೆ ಸಿಕ್ಕಿದ ಇನ್ನೊಬ್ಬನನ್ನು ಹುಡುಕಿದನು. ಹಾಗೆ ಸಿಕ್ಕವನು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಒಬ್ಬ ಕುಡುಕನ ಮಾತು ಇನ್ನೊಬ್ಬ ಕುಡುಕನಿಗೆ ನಾಟಿತು, ಹೇಳಿದವನೂ ಉಳಿದುಕೊಂಡನು. ಬಾಬ್ ಕುಡಿತ ಬಿಟ್ಟ ಜೂನ್ ೧೦ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ಹುಟ್ಟುದಿನವೆಂದು ಎಣಿಸುತ್ತಾರೆ. ೧೯೫೦ರಲ್ಲಿ ತೀರಿಕೊಳ್ಳುವವರೆಗೂ ಅವನು ಮತ್ತೆ ಮುಟ್ಟಲಿಲ್ಲ.

ಈ ಕೂಟಕ್ಕೆ ಚಂದಾ ಇಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದಿದ್ದರೆ ಸಾಕು. ಪೂರ್ಣ ಹೆಸರು ಹೇಳಬೇಕಾಗಿಲ್ಲ. ಜನ್ಮವಿಡೀ ಮುಟ್ಟೆನೆಂದು ಆಣೆ ಮಾಡಿಸುವುದೂ ಇಲ್ಲ. ಇವತ್ತೊಂದು ದಿನ ಮುಟ್ಟದಿದ್ದರೆ ಆಯಿತು, ನಾಳೆಯದು ನಾಳೆಗೆ.

೨೦೨೦ರಲ್ಲಿ ಕೊರೋನಾ ಬಂದು ಜನ ಸೇರುವುದು ನಿಂತಾಗ ಇಂಥ ಸಭೆಗಳು ಮೊಬೈಲಿಗೆ ಬಂದವು, ಈಗಲೂ ನಡೆಯುತ್ತಿವೆ. ರಾತ್ರಿ ಪಾಳಿಯವನಿಗೂ, ಕೂಟ ಹತ್ತಿರದಲ್ಲಿಲ್ಲದವನಿಗೂ ಇದು ದೊಡ್ಡ ಅನುಕೂಲ. ಮುಖ ತೋರಿಸದೆ ಬರಿಯ ದನಿಯಿಂದ ಸೇರಬಹುದು. ಎಂಟು ಜನರ ಖೋಲಿಯಲ್ಲಿ ಮಾತಾಡಲು ಸಂಕೋಚವಾದರೆ ಸುಮ್ಮನೆ ಕೇಳುತ್ತ ಕುಳಿತರೂ ಸರಿ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹಲವು ವರ್ಷ ದಿನವೂ ವಿಪರೀತ ಕುಡಿದವನು ಒಮ್ಮೆಗೇ ಬಿಟ್ಟರೆ ಮೊದಲ ದಿನವೇ ಕೈನಡುಕ, ಬೆವರು, ನಿದ್ರೆಗೇಡು ಬರಬಹುದು. ಎರಡು ದಿನಗಳೊಳಗೆ ಫಿಟ್ಸ್ ಬರುವುದುಂಟು. ಎರಡು ಮೂರನೆಯ ದಿನ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಬುದ್ಧಿ ತಪ್ಪುತ್ತದೆ. ಇದು ನಾಟಕವಲ್ಲ, ದೆವ್ವದ ಕಾಟವೂ ಅಲ್ಲ. ಮದ್ಯಕ್ಕೆ ಒಗ್ಗಿಹೋದ ಮಿದುಳು ಅದು ತಪ್ಪಿದಾಗ ಕೆರಳುತ್ತದೆ. ಇದರಿಂದ ಪ್ರಾಣವೂ ಹೋಗಬಹುದು. ಆದುದರಿಂದ ಬಿಡುವ ಮೊದಲೇ ವೈದ್ಯರನ್ನು ಕಾಣತಕ್ಕದ್ದು. ಅವರು ಕೆರಳಿಕೆ ಇಳಿಸುವ ಮದ್ದನ್ನೂ ಬಿ-೧ ಜೀವಸತ್ವವನ್ನೂ ಕೊಡುತ್ತಾರೆ. ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮೊಬೈಲಿನ ಸಭೆ ಆಸ್ಪತ್ರೆಗೆ ಬದಲಾಗಲಾರದು.

ಕೇಂದ್ರ ಸರಕಾರದ ವ್ಯಸನಮುಕ್ತಿ ದೂರವಾಣಿಯ ಸಂಖ್ಯೆ ೧೪೪೪೬. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ನ ಸಂಖ್ಯೆ ೧೪೪೧೬. ಟೆಲಿ-ಮಾನಸ್‌ಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಕ ಸಂಸ್ಥೆ. ಹಗಲಿರುಳೂ ಕರೆಯಬಹುದು, ಕನ್ನಡದಲ್ಲಿಯೂ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಖೋಲಿಯ ಜೊತೆಗಾರರು ಮಾಡಬೇಕಾದದ್ದೂ ಉಂಟು. ಪಗಾರ ಬಂದೊಡನೆ ಮನೆಯ ಪಾಲನ್ನು ಊರಿಗೆ ಕಳಿಸಲು ಅವನಿಗೆ ನೆನಪು ಮಾಡಿರಿ. ಆ ಸಂಜೆ ಅವನ ಸಂಗಡ ನಡೆದು ಬನ್ನಿರಿ, ಜೊತೆಯಲ್ಲಿ ಊಟ ಮಾಡಿರಿ. ಹಸಿವು, ಸಿಟ್ಟು, ಒಂಟಿತನ, ದಣಿವು ಇವು ನಾಲ್ಕೂ ಕುಡಿತದ ಕಡೆಗೆ ಎಳೆಯುತ್ತವೆ. ಅವನು ಜಾರಿದರೆ ಹಂಗಿಸದೆ, ಮರುದಿನದಿಂದ ಮತ್ತೆ ಎಣಿಸಲು ಹೇಳಿರಿ.

ಮೇಲಿನ ಎರಡೂ ಸಂಖ್ಯೆಗಳನ್ನು ವಾಚನಾಲಯದ ಬಾಗಿಲ ಬಳಿಯ ಹಲಗೆಯ ಮೇಲೆ ಬರೆದಿದ್ದೇವೆ. ಬರೆದುಕೊಳ್ಳುವವರನ್ನು ಅದು ಯಾರಿಗಾಗಿ ಎಂದು ಇಲ್ಲಿ ಯಾರೂ ಕೇಳುವುದಿಲ್ಲ.