ಘಟ್ಟದ ಮೇಲಿನ ಸಂಜೆಗೆ ಏನು ಉಡಬೇಕು? ಎಂಟು ಸೂತ್ರಗಳು

ಆಫೀಸಿನ ಕೊಡವ ಗೆಳೆಯನ ಮದುವೆ. ವಾಟ್ಸ್ಆ್ಯಪ್‌ನಲ್ಲಿ ಕಾಗದ ಬಂದಿದೆ, ಸಂಜೆಯ ಕಾರ್ಯಕ್ರಮಕ್ಕೆ ಮ್ಯಾನೇಜರ್ ಕೂಡ ಬರುತ್ತಾರೆ. ಮೆಲ್ಕಾರಿನಲ್ಲಿ ಬಸ್ಸು ಹತ್ತಿ, ಮಾಣಿಯಲ್ಲಿ ಬಲಕ್ಕೆ ಹೊರಳಿ, ಪುತ್ತೂರು, ಸುಳ್ಯ, ಸಂಪಾಜೆ ದಾಟಿದರೆ ಮಡಿಕೇರಿ. ದಾರಿ ಗೊತ್ತು. ಉಡುಗೆ ಗೊತ್ತಿಲ್ಲ. ಕಪಾಟಿನ ಮುಂದೆ ನಿಂತು ತಲೆ ಕೆರೆದುಕೊಳ್ಳುವುದನ್ನು ಇವತ್ತೇ ಬಿಡಿ.

1. ಮೊದಲು ಗಡಿಯಾರ ನೋಡಿ.
ಹಗಲಿಗೆ ತಿಳಿ ಬಣ್ಣ, ಸಂಜೆಗೆ ಗಾಢ ಬಣ್ಣ. ಸ್ಕಾಟ್ಲೆಂಡಿನ ಹೈಲ್ಯಾಂಡ್ ಜನರೂ ಇದೇ ಲೆಕ್ಕ ಇಟ್ಟುಕೊಂಡಿದ್ದಾರೆ. ಕಿಲ್ಟ್ ಒಂದೇ, ಆದರೆ ಹಗಲಿಗೆ ಅದರ ಮೇಲೆ ಟ್ವೀಡ್ ಜಾಕೆಟ್ಟು, ಸಾದಾ ಚರ್ಮದ ಸೊಂಟದ ಚೀಲ. ರಾತ್ರಿಯ ಔತಣಕ್ಕೆ ಬೆಳ್ಳಿ ಬಣ್ಣದ ಗುಂಡಿಗಳ ಕಪ್ಪು ‘ಪ್ರಿನ್ಸ್ ಚಾರ್ಲಿ’ ಜಾಕೆಟ್ಟು, ಬೋ ಟೈ. ಪಂಚೆಗೂ ಇದನ್ನೇ ಅನ್ವಯಿಸಿ: ಪಂಚೆ ಅದೇ ಇರಲಿ, ಮೇಲಿನದ್ದು ಬದಲಾಗಲಿ. ಬೆಳಿಗ್ಗೆಗೆ ಕೆನೆ ಬಣ್ಣದ ಶರ್ಟು. ಸಂಜೆ ಏಳರ ಮೇಲೆ ಕಡುನೀಲಿ ಅಥವಾ ಕಪ್ಪು ಬಂದ್‌ಗಲಾ.

2. ಆತಿಥೇಯರ ಉಡುಗೆ ಅವರದ್ದು. ನೀವು ನಿಮ್ಮದನ್ನು ಉಡಿ.
ಹೊಸಬರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಿಸಿ ಓದಿ. ಕೊಡವ ಗಂಡಸರ ಉಡುಗೆ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಬಿಳಿ ತುಂಬುತೋಳಿನ ಶರ್ಟಿನ ಮೇಲೆ ಮೊಣಕಾಲಿನ ತನಕ ಬರುವ, ಗಿಡ್ಡ ತೋಳಿನ ಕಪ್ಪು ಕುಪ್ಯ. ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ. ಅದರಲ್ಲಿ ಬೆಳ್ಳಿ ಸರಪಣಿಯ ಪೀಚೆಕತ್ತಿ. ಮದುಮಗನಿಗೆ ಮಾತ್ರ ಬಿಳಿ ಕುಪ್ಯ, ತಲೆಗೆ ಮಂಡೆತುಣಿ. ಕೊಡಗಿನ ಅರೆಭಾಷೆ ಗೌಡರಲ್ಲೂ ಇಂಥದೇ ಉಡುಗೆಯಿದೆ.
ನೀವು ಇದನ್ನು ಎಲ್ಲಿಂದಲೋ ಬಾಡಿಗೆಗೆ ತಂದು ತೊಡಬೇಡಿ. ಸ್ಕಾಟ್ಲೆಂಡಿನಲ್ಲಿ ಮಾತು ಬೇರೆ. ಅಲ್ಲಿ ಕಿಲ್ಟ್ ಬಾಡಿಗೆಗೆ ಕೊಡುವ ಅಂಗಡಿಗಳೇ ಇವೆ, ಓದಲು ಹೋದ ನಮ್ಮ ಹುಡುಗರು ಉಟ್ಟರೂ ಯಾರೂ ಹುಬ್ಬೇರಿಸುವುದಿಲ್ಲ. ಹೈಲ್ಯಾಂಡ್ ಉಡುಗೆಯನ್ನು ಬ್ರಿಟಿಷ್ ಸಂಸತ್ತು 1746ರ ಕಾಯ್ದೆಯಿಂದ ನಿಷೇಧಿಸಿತ್ತು, 1782ರಲ್ಲಿ ಆ ನಿಷೇಧ ರದ್ದಾಯಿತು. ಆಮೇಲೆ ಅದು ಬೆಟ್ಟದವರದ್ದಷ್ಟೇ ಆಗಿ ಉಳಿಯದೆ ಇಡೀ ದೇಶದ ಗುರುತಾಯಿತು. ಕುಪ್ಯ ಹಾಗಲ್ಲ, ಅದು ಇವತ್ತಿಗೂ ಮನೆತನದ, ಐನ್‌ಮನೆ ಎಂಬ ಮೂಲಮನೆಯ ಉಡುಗೆ. ಗೆಳೆಯನೇ ಕರೆದು, ಅವನ ಮನೆಯವರೇ ತೊಡಿಸಿದರೆ ಸಂತೋಷದಿಂದ ತೊಡಿ. ಇಲ್ಲವಾದರೆ ನಮ್ಮ ಪಂಚೆ ಯಾವುದರಲ್ಲಿ ಕಮ್ಮಿ?

3. ಕತ್ತಿಯ ವಿಷಯಕ್ಕೆ ಹೋಗಬೇಡಿ.
ಸ್ಕಾಟಿಷರು ಕಾಲುಚೀಲದಲ್ಲಿ ‘ಸ್ಕೀನ್ ಡೂ’ ಎಂಬ ಪುಟ್ಟ ಚೂರಿ ಸಿಕ್ಕಿಸುತ್ತಾರೆ, ಕೊಡವರು ಚೇಲೆಯಲ್ಲಿ ಪೀಚೆಕತ್ತಿ. ಮದುವೆಯ ಶಾಸ್ತ್ರಕ್ಕೆ ಮದುಮಗನ ಕಡೆಯವರು ಬಾಳೆ ಕಡಿಯುವುದು ದೊಡ್ಡ ಒಡಿಕತ್ತಿಯಲ್ಲಿ. ಫೋಟೋಗೆ ಚೆನ್ನಾಗಿರುತ್ತದೆಂದು ಕೇಳಿ ಹಿಡಿದುಕೊಳ್ಳಬೇಡಿ. ಅವರಿಗೆ ಅದು ಆಭರಣವೂ ಹೌದು, ಆಯುಧವೂ ಹೌದು. ನಿಮಗೆ ಎರಡೂ ಅಲ್ಲ.

4. ಡಬಲ್ ಪಂಚೆಯನ್ನೇ ತೆಗೆದುಕೊಳ್ಳಿ.
ಸಿಂಗಲ್ ಪಂಚೆ ಮನೆಗೆ, ತೋಟಕ್ಕೆ ಸರಿ. ಸ್ಟೇಜಿನ ಲೈಟಿಗೆ ಅದು ತೆಳು, ಒಳಗಿನದ್ದೆಲ್ಲ ಕಾಣುತ್ತದೆ. ಅಂಚು ಒಂದು ಬೆರಳಿನಷ್ಟು ಜರಿಯದ್ದಿರಲಿ. ಅಂಗೈ ಅಗಲದ ಅಂಚು ಮದುಮಗನಿಗೆ ಬಿಟ್ಟುಬಿಡಿ. ಉದ್ದ ಕಾಲಿನ ಗಂಟಿನ ತನಕ ಬರಲಿ. ವೆಲ್ಕ್ರೋ ಪಂಚೆ ತಗೊಳ್ಳಲು ನಾಚಿಕೆ ಬೇಡ, ಆದರೆ ಒಳಗೊಂದು ಬೆಲ್ಟ್ ಹಾಕಿ. ಹೆಗಲಿನ ಬೈರಾಸ್ (ಟವೆಲು) ಮನೆಯಲ್ಲೇ ಇರಲಿ, ಸಂಜೆಗೆ ಇಸ್ತ್ರಿ ಮಾಡಿದ ಶಲ್ಯ.
ಇನ್ನೊಂದು ಮಾತು. ಮೆಟ್ಟಿಲು ಹತ್ತುವಾಗ ನಮ್ಮ ಕೈ ತಾನಾಗಿಯೇ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟುತ್ತದೆ. ಕಟ್ಟಿ, ತೊಂದರೆಯಿಲ್ಲ. ಹಿರಿಯರು ಎದುರಾದ ಕೂಡಲೇ ಇಳಿಸಿ. ಇದನ್ನು ನಮಗೆ ಅಜ್ಜಂದಿರು ಹೇಳಿಕೊಟ್ಟದ್ದೇ, ಘಟ್ಟದ ಮೇಲೂ ಇದಕ್ಕೆ ಬೆಲೆಯಿದೆ.

5. ಜೇಬಿನ ಲೆಕ್ಕ ಮೊದಲೇ ಹಾಕಿ.
ಕೊಡವ ಮದುವೆಯಲ್ಲಿ ಕೈಗೆ ಕವರ್ ಕೊಟ್ಟು ಊಟಕ್ಕೆ ಓಡುವ ಹಾಗಿಲ್ಲ. ಒಬ್ಬೊಬ್ಬರಾಗಿ ಹೋಗಿ ಕೂತ ಮದುಮಕ್ಕಳ ಮೇಲೆ ಅಕ್ಕಿ ಹಾಕಿ ಹರಸಿ, ಕಿಂಡಿ ಎಂಬ ಮೂತಿಯ ಪಾತ್ರೆಯಿಂದ ಹಾಲು ಕುಡಿಸಿ, ಆಮೇಲೆ ಹಣ ಕೊಡಬೇಕು. ಬಗ್ಗಬೇಕು, ಎರಡೂ ಕೈ ಬೇಕು, ಹಿಂದೆ ಸಾಲು ನಿಂತಿರುತ್ತದೆ. ಪಂಚೆಗೆ ಜೇಬಿಲ್ಲ! ಹಣವನ್ನು ಬಂದ್‌ಗಲಾದ ಒಳಜೇಬಿನಲ್ಲಿಡಿ. ಶಲ್ಯಕ್ಕೆ ಹೆಗಲ ಮೇಲೊಂದು ಪಿನ್ ಹಾಕಿ, ಇಲ್ಲವಾದರೆ ಅದು ನೇರ ಹಾಲಿನ ಕಿಂಡಿಗೇ ಬೀಳುತ್ತದೆ.

6. ಹೆಣ್ಣುಮಕ್ಕಳೇ, ರೇಷ್ಮೆ ಆರಿಸಿ. ಸೆರಗಿಗೆ ಪಿನ್ ಹಾಕಿ.
2016ರಲ್ಲಿ ಜಿಐ ಟ್ಯಾಗ್ ಪಡೆದ ನಮ್ಮ ಉಡುಪಿ ಕೈಮಗ್ಗದ ಹತ್ತಿ ಸೀರೆ ಹಗಲಿಗೆ ಬಹಳ ಚೆಂದ. ಸಂಜೆಗೆ ಮೈಸೂರು ಸಿಲ್ಕಿನಂಥ ಸಾದಾ ರೇಷ್ಮೆ ಗೆಲ್ಲುತ್ತದೆ. ಕೊಡವತಿಯರ ಸೀರೆಗೆ ನೆರಿಗೆ ಹಿಂದಕ್ಕೆ, ಸೆರಗು ಎಡ ಕಂಕುಳ ಕೆಳಗಿನಿಂದ ಬಂದು ಬಲ ಭುಜದ ಮೇಲೆ. ಗೆಳತಿ ಉಡಿಸುತ್ತೇನೆ ಅಂದರೆ ಒಪ್ಪಿಕೊಳ್ಳಿ, ಸೀರೆಯಂತೂ ನಿಮ್ಮದೇ ಅಲ್ಲವೇ. ಯೂಟ್ಯೂಬ್ ನೋಡಿ ಮೊದಲ ಪ್ರಯತ್ನವನ್ನು ಮದುವೆ ಮನೆಯಲ್ಲೇ ಮಾಡಬೇಡಿ.

7. ಉಟ್ಟುಕೊಂಡು ಹೊರಡಬೇಡಿ. ಅಲ್ಲಿ ಹೋಗಿ ಉಡಿ.
ಇದನ್ನು ನಾನು ಕಲಿತದ್ದು ಬೆಲೆ ಕೊಟ್ಟು. ಗರಿಗರಿ ಬಿಳಿ ಪಂಚೆ ಉಟ್ಟು ಮೆಲ್ಕಾರಿನಿಂದ ಹೊರಟೆ. ಐದೇ ನಿಮಿಷದಲ್ಲಿ ಕಲ್ಲಡ್ಕ, ಅಲ್ಲೊಂದು ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯದೆ ಮುಂದೆ ಹೋಗುವುದುಂಟೇ? ಲೋಟ ಎತ್ತಿದವನು ಪರಿಚಯದವರಿಗೆ ಕೈ ಬೀಸಿದೆ. ಹಾಲು, ಡಿಕಾಕ್ಷನ್ ಬೇರೆ ಬೇರೆ ಪದರವಾಗಿ ನಿಂತಿದ್ದ ಚಹಾ ತೊಡೆಯ ಮೇಲೆ ಒಂದಾಯಿತು. ಆ ಸಂಜೆ ಪೂರ್ತಿ ಕುರ್ಚಿ ಬಿಟ್ಟು ಏಳಲಿಲ್ಲ. ಪ್ಯಾಂಟಿನಲ್ಲಿ ಪ್ರಯಾಣ ಮಾಡಿ, ಉಡುಗೆ ಕವರಿನಲ್ಲಿರಲಿ. ಸಂಪಾಜೆ ಘಾಟಿಯ ತಿರುವಿಗೆ ಹೊಟ್ಟೆ ತೊಳಸುವವರಿಗಂತೂ ಇದು ಕಡ್ಡಾಯ. ಡಿಸೆಂಬರ್ ಆದರೆ ಒಳಗೊಂದು ಥರ್ಮಲ್ ಬನಿಯನ್ ಹಾಕಿ. ನಮ್ಮ ಸೆಕೆಯ ಅಂದಾಜಿನಲ್ಲಿ ಹೋದವರು ಮಡಿಕೇರಿಯ ರಾತ್ರಿ ಚಳಿಗೆ ನಡುಗುತ್ತಾ ಫೋಟೋಗೆ ನಿಲ್ಲುತ್ತಾರೆ.

8. ಸಂಶಯವಿದ್ದರೆ ಫೋನ್ ಮಾಡಿ, ಸಂಶಯ ಹೋದ ಮೇಲೆ ಪ್ರಾಕ್ಟೀಸ್ ಮಾಡಿ.
“ಏನು ಉಟ್ಟರೆ ಸರಿ ಮಾರಾಯಾ?” ಎಂದು ಗೆಳೆಯನಿಗೆ ಒಂದು ಕಾಲ್. ಎರಡು ನಿಮಿಷದ ಕೆಲಸ. ಕೇಳುವುದು ದಡ್ಡತನ ಅನ್ನಿಸುವುದು ಬರೀ ಅಭ್ಯಾಸ, ಅದನ್ನು ಮುರಿಯಿರಿ. ಜನ ನಗುತ್ತಾರೇನೋ ಎಂಬ ಭಯಕ್ಕೆ ಮದ್ದು ರಿಹರ್ಸಲ್. ಹಿಂದಿನ ದಿನ ಪೂರ್ತಿ ಉಟ್ಟು ಮನೆಯಲ್ಲಿ ಅರ್ಧ ಗಂಟೆ ಓಡಾಡಿ. ಕೂತುಕೊಳ್ಳಿ, ಬಗ್ಗಿ, ಮೆಟ್ಟಿಲು ಹತ್ತಿ. ಎಲ್ಲಿ ಜಾರುತ್ತದೆ, ಎಲ್ಲಿ ಕಚ್ಚುತ್ತದೆ ಗೊತ್ತಾಗುತ್ತದೆ. ಸಾಧ್ಯವಾದರೆ ನಾಲ್ಕು ಹೆಜ್ಜೆ ಕುಣಿದೂ ನೋಡಿ. ಯಾಕೆಂದರೆ ಕತ್ತಲಾದ ಮೇಲೆ ವಾಲಗ ಜೋರಾಗುತ್ತದೆ, ಅಜ್ಜಂದಿರೂ ಕೈ ಬೀಸಿ ಕುಣಿಯುತ್ತಾರೆ, ನಿಮ್ಮ ಮ್ಯಾನೇಜರನ್ನೂ ನಿಮ್ಮನ್ನೂ ಒಟ್ಟಿಗೇ ನಡುವಿಗೆ ಎಳೆಯುತ್ತಾರೆ. ಬೆಲ್ಟ್ ಹಾಕಿದ್ದೀರಿ ತಾನೇ?