ಹಳೆಯ ಕಾರು ಕೊಂಡ ಮೇಲೆ: ಘಟ್ಟ ಇಳಿಯುವ ಮುನ್ನ ನೋಡಬೇಕಾದ್ದು



ನಮ್ಮ ಸದಸ್ಯರಲ್ಲಿ ಹೊಸ ಕಾರು ಕೊಳ್ಳುವವರು ಕಡಿಮೆ. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ, ಇಲ್ಲವೆ ಕಾಫಿ ಮಾರಿದ ದುಡ್ಡು ಕೈಗೆ ಬಂದಾಗ, ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಮನೆಗೆ ತರುವವರೇ ಹೆಚ್ಚು. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಾಗುವುದು ಕಾರು ತಂದ ವಾರದಲ್ಲೇ ದೂರದ ಪ್ರಯಾಣಕ್ಕೆ ಹೊರಟಾಗ. ಈ ಪಾಠವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಆದ್ದರಿಂದ ನಡೆದದ್ದನ್ನು ಮೊದಲು ಹೇಳಿ, ಆಮೇಲೆ ಪಾಠಕ್ಕೆ ಬರುತ್ತೇವೆ.

ನಮ್ಮದು ದೊಡ್ಡಬಳ್ಳಾಪುರದ ಕಡೆ ಕೊಳವೆಬಾವಿ ನೀರಿನ ಸಣ್ಣ ಅಡಿಕೆ ತೋಟ. ಕಾರೊಂದನ್ನು ಕೊಂಡೆವು. ಮೈ ಮೇಲೆ ಒಂದು ಗೀರಿರಲಿಲ್ಲ, ಸೀಟಿಗೆ ಹೊಸ ಹೊದಿಕೆ, ಎಂಜಿನ್ ಸದ್ದು ನಯವಾಗಿತ್ತು. ಕೊಂಡ ನಾಲ್ಕನೆಯ ದಿನವೇ ನಾವು, ತಮ್ಮ, ನೆರೆಯ ಬೆಳೆಗಾರರಿಬ್ಬರು ವಿಟ್ಲದಿಂದ ಮಂಗಳ ತಳಿಯ ಬಿತ್ತನೆ ಅಡಿಕೆ ತರಲು ಹೊರಟೆವು. ಮಧುರೆಯ ಮೇಲೆ ನೆಲಮಂಗಲ, ಅಲ್ಲಿಂದ ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿ ಸಕಲೇಶಪುರದವರೆಗೆ ಕಾರು ಹೂವಿನ ಹಾಗೆ ಓಡಿತು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಶಿರಾಡಿ ಘಟ್ಟದ ಅರ್ಧ ಇಳಿದಿದ್ದೆವು. ತಮ್ಮ ಬಯಲುಸೀಮೆಯ ರೂಢಿಯಂತೆ ನಾಲ್ಕನೆಯ ಗೇರಿನಲ್ಲೇ ಬ್ರೇಕಿನ ಮೇಲೆ ಕಾಲಿಟ್ಟು ಇಳಿಸುತ್ತಿದ್ದ. ಒಂದು ತಿರುವಿನಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ತಳ ಮುಟ್ಟಿತು. ಮುಂದೆ ಟ್ಯಾಂಕರ್ ಲಾರಿ, ಪಕ್ಕದಲ್ಲಿ ಕಣಿವೆ. ಅವನು ಗಾಬರಿಯಾಗದೆ ಪೆಡಲನ್ನು ಮತ್ತೆ ಮತ್ತೆ ಒತ್ತುತ್ತ ಮೂರಕ್ಕೆ, ಆಮೇಲೆ ಎರಡಕ್ಕೆ ಗೇರು ಇಳಿಸಿದ. ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆದು ಎಡಗಡೆಯ ಅಗಲ ಜಾಗಕ್ಕೆ ತಂದು ನಿಲ್ಲಿಸಿದ. ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಮುಕ್ಕಾಲು ಗಂಟೆ ಕಳೆದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಮೊದಲನೆಯ ಗೇರಿನಲ್ಲಿ ತೆವಳುತ್ತ ಗುಂಡ್ಯ ಸೇರಿದೆವು. ನೆಲ್ಯಾಡಿಯ ಮೆಕ್ಯಾನಿಕ್ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿ ಕೇಳಿದ: "ಇದನ್ನು ಯಾವಾಗ ಹಾಕಿದ್ದು ಮಾರಾಯ್ರೆ?" ಒಳಗಿದ್ದದ್ದು ಕಾಫಿ ಡಿಕಾಕ್ಷನ್ ಹಾಗೆ ಕಪ್ಪು. ನಮ್ಮಲ್ಲಿ ಉತ್ತರವಿರಲಿಲ್ಲ. ಮಾರಿದವರನ್ನು ನಾವು ಕೇಳಿಯೇ ಇರಲಿಲ್ಲ. ನಾವು ಕೇಳಿದ್ದು ಬೆಲೆ ಮತ್ತು ಮೈಲೇಜು ಮಾತ್ರ.

ಪಾಠ ಇಷ್ಟೆ. ಕಾರು ಓಡುತ್ತದೆಯೆ ಎಂಬುದನ್ನು ಮಾರುವವನು ತೋರಿಸುತ್ತಾನೆ. ನಿಲ್ಲುತ್ತದೆಯೆ, ತಣ್ಣಗಿರುತ್ತದೆಯೆ ಎಂಬುದನ್ನು ಕೊಂಡವನೇ ನೋಡಿಕೊಳ್ಳಬೇಕು.

ಬ್ರೇಕ್ ಏಕೆ ಸೋತಿತು?

ನಾಲ್ಕು ಜನ ಕೂತ ಸಣ್ಣ ಕಾರಿನ ತೂಕ 1,100 ಕಿಲೋ, ಘಟ್ಟದಲ್ಲಿ ಇಳಿಯುವ ಎತ್ತರ 700 ಮೀಟರ್ ಎಂದು ಹಿಡಿಯೋಣ. ಆ ಇಳಿತದ ಶಕ್ತಿಯೆಲ್ಲ ಶಾಖವಾದರೆ ಸುಮಾರು 24 ಲೀಟರ್, ಎಂದರೆ ಎರಡು ಕೊಡ ತಣ್ಣೀರು ಕುದಿಯುತ್ತದೆ. ಅಡಿಕೆ ಬೇಯಿಸುವ ನಮಗೆ ಅದಕ್ಕೆ ಎಷ್ಟು ಸೌದೆ ಬೇಕೆಂದು ಗೊತ್ತು. ಗಾಳಿಯ ತಡೆ ಮತ್ತು ಚಕ್ರದ ಉರುಳಾಟ ಇದರಲ್ಲಿ ಒಂದಿಷ್ಟನ್ನು ತಿನ್ನುತ್ತವೆ. ಗೇರು ಇಳಿಸಿದರೆ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಗೇರು ಇಳಿಸದಿದ್ದರೆ ಅಷ್ಟೂ ಬ್ರೇಕಿನ ತಟ್ಟೆಗಳಿಗೆ ಬೀಳುತ್ತದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ನಿಧಾನವಾಗಿ ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯ ಹೊಸ ಆಯಿಲ್ ಕಡೇಪಕ್ಷ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಆಯಿಲ್ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಬಲ ಚಕ್ರಕ್ಕೆ ಹೋಗುತ್ತದೆ, ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೆ. ಗಾಳಿ ಹಿಡಿದ ಪಂಪು ನೀರೆತ್ತದಿರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಊರಿನ ಸಮ ರಸ್ತೆಯಲ್ಲಿ ಈ ದೋಷ ವರ್ಷಗಟ್ಟಲೆ ಅಡಗಿರಬಹುದು. ಘಟ್ಟದಲ್ಲಿ ಅದು ಒಂದೇ ಸಲ ಹೊರಬೀಳುತ್ತದೆ.

ಆದ್ದರಿಂದ ಹಳೆಯ ಕಾರು ತಂದ ಕೂಡಲೆ, ಬಣ್ಣ ಏನೇ ಇರಲಿ, ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ. ಆಮೇಲೆ ಎರಡು ವರ್ಷಕ್ಕೊಮ್ಮೆ ಮಾಡಿದರೆ ಸಾಕು. ಯಾವ ದರ್ಜೆ ಹಾಕಬೇಕೆಂಬುದು ಡಬ್ಬಿಯ ಮುಚ್ಚಳದ ಮೇಲೆಯೇ ಇರುತ್ತದೆ. ನಾಲ್ಕೂ ಚಕ್ರ ಬಿಚ್ಚಿಸಿ ಬ್ರೇಕ್ ಪ್ಯಾಡ್, ಲೈನರ್, ರಬ್ಬರ್ ಹೋಸುಗಳನ್ನು ಕಣ್ಣಾರೆ ನೋಡಿ. ಹೋಸನ್ನು ಬಗ್ಗಿಸಿದಾಗ ಬಿರುಕು ಕಂಡರೆ ಹೊಸದು ಹಾಕಿಸಿ. ಹ್ಯಾಂಡ್ ಬ್ರೇಕ್ ಎಳೆದರೆ ಜನ ಕೂತ ಕಾರು ಏರಿನಲ್ಲಿ ಅಲುಗದೆ ನಿಲ್ಲಬೇಕು.

ತಂಪು

ಇಳಿಯುವಾಗ ಬ್ರೇಕಿಗೆ ಪರೀಕ್ಷೆಯಾದರೆ, ಮರಳಿ ಏರುವಾಗ ರೇಡಿಯೇಟರಿಗೆ. ನಮ್ಮ ಸೀಮೆಯ ಕಾರುಗಳಲ್ಲಿ ಇಲ್ಲೊಂದು ವಿಶೇಷ ತೊಂದರೆಯಿದೆ. ಕೂಲಂಟ್ ಕಡಿಮೆಯಾದಾಗ ಹಿಂದಿನವರು ಕೊಳವೆಬಾವಿಯ ಗಡಸು ನೀರು ತುಂಬಿಸಿರುತ್ತಾರೆ. ಹನಿ ನೀರಾವರಿ ಪೈಪಿನಲ್ಲಿ, ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುವ ಅದೇ ಬಿಳಿ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿ. ತುಕ್ಕಿನ ಬಣ್ಣ ಅಥವಾ ಬಿಳಿ ಗಸಿ ಕಂಡರೆ ಎಲ್ಲವನ್ನೂ ಬಸಿದು, ತೊಳೆಸಿ, ಕಂಪನಿ ಹೇಳಿದ ಕೂಲಂಟನ್ನೇ ಹಾಕಿಸಿ. ಮೇಲೆ ಎಣ್ಣೆ ತೇಲುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದು ದಪ್ಪಗೆ ಅಂಟಿದ್ದರೆ, ನೀರು ಎಣ್ಣೆ ಬೆರೆಯುತ್ತಿರುವ ಸಂಶಯವಿದೆ. ಅದನ್ನು ಬಗೆಹರಿಸದೆ ಹೊರಡಬೇಡಿ.

ಕಾರನ್ನು ನಿಲ್ಲಿಸಿದಲ್ಲೇ ಎ.ಸಿ. ಆರಿಸಿ ಚಾಲೂ ಇಡಿ. ಕಾವು ಏರಿದಂತೆ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬೇಕು, ಆಮೇಲೆ ತಾನಾಗಿ ನಿಲ್ಲಬೇಕು. ಮುಳ್ಳು ಏರುತ್ತಲೇ ಹೋಗಿ ಫ್ಯಾನ್ ತಿರುಗದಿದ್ದರೆ ಕೂಡಲೆ ಎಂಜಿನ್ ಆರಿಸಿ. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ಬಿಚ್ಚಲೇಬಾರದು.

ಟೈರು, ಬೆಲ್ಟು, ರಬ್ಬರು

ಟೈರಿನ ಹಲ್ಲು ನೋಡಿದರೆ ಸಾಲದು, ವಯಸ್ಸನ್ನೂ ನೋಡಬೇಕು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಕಡಿಮೆ ಓಡಿದ ಕಾರು ಎಂದು ಹೇಳಿ ಮಾರಿದ್ದರಲ್ಲಿ ಹಲ್ಲು ಆಳವಾಗಿದ್ದೂ ರಬ್ಬರು ಒಣಗಿ ಬಿರಿದಿರುವುದುಂಟು. ಸ್ಟೆಪ್ನಿಯನ್ನು ಇಳಿಸಿ ನೋಡಿ. ಜಾಕಿ ಮತ್ತು ವೀಲ್ ಸ್ಪ್ಯಾನರಿನಿಂದ ಮನೆಯಂಗಳದಲ್ಲಿ ಒಂದು ಚಕ್ರ ಬಿಚ್ಚಿ ಹಾಕಿ. ಬಿಚ್ಚಲಾಗದ ನಟ್ಟು ಅಂಗಳದಲ್ಲೇ ಗೊತ್ತಾಗುವುದು ಮೇಲು.

ಕೆಲವು ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್, ಕೆಲವದರಲ್ಲಿ ಚೈನ್ ಇರುತ್ತದೆ. ಮಾರುತಿ 800ರಲ್ಲಿರುವುದು ಬೆಲ್ಟ್. ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಎಂದರೆ ಅದರಲ್ಲಿ ಕಡೆಯದಕ್ಕೂ ಹತ್ತು ವರ್ಷ ದಾಟಿದೆ. ಬೆಲ್ಟ್ ಬದಲಾಯಿಸಿದ ಚೀಟಿ ಸಿಗದಿದ್ದರೆ ಬದಲಾಗಿಲ್ಲವೆಂದೇ ತಿಳಿದು ಹೊಸದು ಹಾಕಿಸಿ. ಬೆಲ್ಟ್ ತುಂಡಾದರೆ ಎಂಜಿನ್ ನಿಂತಲ್ಲೇ ನಿಲ್ಲುತ್ತದೆ. ಫ್ಯಾನ್ ಬೆಲ್ಟ್, ಎಂಜಿನ್ ಆಯಿಲ್ ಮತ್ತು ಫಿಲ್ಟರ್‌ಗಳಿಗೂ ಇದೇ ಮಾತು. ನಮ್ಮ ಕೆಂಪು ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಹಳೆಯ ಕಾರುಗಳ ಪೆಟ್ರೋಲ್ ಪೈಪು, ವಾಷರುಗಳು ಇದಕ್ಕೆಂದು ಮಾಡಿದವಲ್ಲ. ಪೆಟ್ರೋಲ್ ವಾಸನೆ ಬಂದರೆ ತಡಮಾಡದೆ ತೋರಿಸಿ. ಕಾರನ್ನು ಅಡಿಕೆ, ಗೊಬ್ಬರ ಇಟ್ಟ ಕೊಟ್ಟಿಗೆಯಲ್ಲಿ ನಿಲ್ಲಿಸುವವರು ಬಾನೆಟ್ ಎತ್ತಿ ವೈರುಗಳನ್ನು ಇಲಿ ಕಡಿದಿದೆಯೆ ಎಂದು ಆಗಾಗ ನೋಡಬೇಕು.

ಕಾಗದ ಪತ್ರ

ಕಾರು ಮನೆಗೆ ಬಂದಿತೆಂದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಫಾರಂ 29 ಮತ್ತು 30ಕ್ಕೆ ಸಹಿಯಾಗಿ, ಆರ್.ಟಿ.ಒ. ಕಚೇರಿಯಲ್ಲಿ ಹೆಸರು ಬದಲಾಗಬೇಕು. ಕೊಂಡವರು 30 ದಿನದೊಳಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಆರ್.ಸಿ.ಯಲ್ಲಿ ಬ್ಯಾಂಕ್ ಸಾಲದ ನಮೂದಿದ್ದರೆ ಅದನ್ನು ತೆಗೆಸಲು ಫಾರಂ 35 ಬೇಕು. ಛಾಸಿ ನಂಬರನ್ನು ಆರ್.ಸಿ.ಯೊಂದಿಗೆ ತಾಳೆ ನೋಡಿ. ಕಾರಿಗೆ 15 ವರ್ಷ ತುಂಬಿದ್ದರೆ ನೋಂದಣಿ ನವೀಕರಿಸಿದ್ದಾರೆಯೆ ನೋಡಿ.

ವಿಮೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹಳೆಯ ಮಾಲೀಕರ ಪಾಲಿಸಿಯಲ್ಲಿ ಥರ್ಡ್ ಪಾರ್ಟಿ ಭಾಗ ಕಾರಿನೊಂದಿಗೆ ಬರುತ್ತದೆ. ನಮ್ಮ ಕಾರಿಗೇ ಆಗುವ ಹಾನಿಯ ಭಾಗ ಹಾಗಲ್ಲ. ಕೊಂಡ 14 ದಿನದೊಳಗೆ ವಿಮಾ ಕಂಪನಿಗೆ ಬರೆದು ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಿಂದಿನವರ ನೋ ಕ್ಲೇಮ್ ಬೋನಸ್ ಅವರದ್ದೇ, ನಮಗೆ ಸಿಗುವುದಿಲ್ಲ. ಟೋಲ್ ಗೇಟಿಗೂ ನಮ್ಮ ಹೆಸರಿನ ಫಾಸ್ಟ್ಯಾಗ್ ಬೇಕು. ಹಳೆಯದನ್ನು ಮಾರಿದವರಿಂದಲೇ ಮುಚ್ಚಿಸಿ.

ಹದಿನೈದು ದಿನದ ಪರೀಕ್ಷೆ

ಕಾರಿನ ಬೆಲೆಯಲ್ಲಿ ಹತ್ತರಲ್ಲಿ ಒಂದು ಪಾಲನ್ನು ರಿಪೇರಿಗೆಂದು ಮೊದಲೇ ಎತ್ತಿಡಿ. ಮೇಲೆ ಹೇಳಿದ್ದನ್ನೆಲ್ಲ ಮಾಡಿಸಿದ ಮೇಲೂ ಹದಿನೈದು ದಿನ ಕಾರನ್ನು ಹತ್ತಿರದಲ್ಲೇ ಓಡಿಸಿ. ಮೊದಲ ವಾರ ಸಂತೆ, ಸೊಸೈಟಿ, ಘಾಟಿ ಸುಬ್ರಹ್ಮಣ್ಯ ಇಷ್ಟೇ. ಪ್ರತಿ ಬೆಳಿಗ್ಗೆ ನಿಂತ ಜಾಗದ ನೆಲ ನೋಡಿ, ಎಣ್ಣೆ ನೀರಿನ ಹನಿ ಬಿದ್ದಿದೆಯೆ ಎಂದು. ಆಯಿಲ್ ಕಡ್ಡಿ, ಕೂಲಂಟ್ ಮತ್ತು ಬ್ರೇಕ್ ಆಯಿಲ್‌ಗಳ ಮಟ್ಟವನ್ನು ಪಟ್ಟಿಯಲ್ಲಿ ಬರೆದಿಡಿ. ಒಂದು ವಾರದಲ್ಲಿ ಇಳಿದದ್ದು ಕಂಡರೆ ಎಲ್ಲೋ ಸೋರುತ್ತಿದೆ.

ಎರಡನೆಯ ವಾರ, ಶನಿವಾರ ಭಾನುವಾರದ ಜನಜಂಗುಳಿ ಬಿಟ್ಟು, ನಂದಿಬೆಟ್ಟಕ್ಕೆ ಹೋಗಿ ಬನ್ನಿ. ದೊಡ್ಡಬಳ್ಳಾಪುರ, ದೇವನಹಳ್ಳಿಯವರಿಗೆ ಘಟ್ಟವೆಂದರೆ ಅದೇ. ಅದರ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಏರುವಾಗ ಕಾವಿನ ಮುಳ್ಳು, ಕ್ಲಚ್ಚಿನ ವಾಸನೆ ಗಮನಿಸಿ. ಇಳಿಯುವಾಗ ಎರಡನೆಯ ಗೇರಿನಲ್ಲಿ ಇಳಿದು, ಬುಡದಲ್ಲಿ ನಿಲ್ಲಿಸಿ ಪೆಡಲ್ ಒತ್ತಿ ನೋಡಿ. ಮೊದಲಿನಷ್ಟೇ ಗಟ್ಟಿಯಾಗಿರಬೇಕು. ಇಲ್ಲಿ ಸೋತ ಕಾರನ್ನು ಶಿರಾಡಿಗೆ ಒಯ್ಯಬೇಡಿ.

ಹೊರಡುವ ದಿನ

ಟೈರು ತಣ್ಣಗಿರುವಾಗ, ತುಂಬಿದ ಹೊರೆಗೆ ಕಂಪನಿ ಸೂಚಿಸಿದಷ್ಟು ಗಾಳಿ ಹಾಕಿಸಿ. ಹೆಡ್‌ಲೈಟು, ಬ್ರೇಕ್ ಲೈಟು, ವೈಪರ್ ನೋಡಿ. ಐದು ಲೀಟರ್ ನೀರು, ಟಾರ್ಚು, ಫ್ಯೂಸುಗಳು, ಒಂದು ಫ್ಯಾನ್ ಬೆಲ್ಟ್, ಹಗ್ಗ ಡಿಕ್ಕಿಯಲ್ಲಿರಲಿ. ಮಳೆಗಾಲವಾದರೆ ದಾರಿ ತೆರೆದಿದೆಯೆ ಎಂದು ವಿಚಾರಿಸಿಯೇ ಹೊರಡಿ. 2018ರ ಆಗಸ್ಟ್‌ನಲ್ಲೂ 2024ರ ಜುಲೈನಲ್ಲೂ ಶಿರಾಡಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಸಕಲೇಶಪುರದಲ್ಲಿ ಒಂದು ಕಾಫಿ ಕುಡಿದು, ಕಾರನ್ನೂ ಆರಲು ಬಿಟ್ಟು, ಹಗಲಿನಲ್ಲೇ ಘಟ್ಟ ಇಳಿಯಿರಿ. ಏರಲು ಬೇಕಾಗುವ ಗೇರಿನಲ್ಲೇ ಇಳಿಯಬೇಕೆಂಬುದು ಲಾರಿಯವರ ಹಳೆಯ ಲೆಕ್ಕ. ಬ್ರೇಕನ್ನು ಒತ್ತಿ ಹಿಡಿಯದೆ, ಬೇಕಾದಾಗ ಗಟ್ಟಿಯಾಗಿ ಒತ್ತಿ ಬಿಡಬೇಕು. ಎಂಜಿನ್ ಆರಿಸಿ ಅಥವಾ ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವ ಆಸೆ ಬೇಡ.

ಮುಂಗಾರಿಗೆ ಮುಂಚೆ ಬಸಿಗಾಲುವೆ ಬಿಡಿಸದವನ ತೋಟ ಹೊರಗಿನಿಂದ ಹಸಿರಾಗಿಯೇ ಇರುತ್ತದೆ. ಬೇರು ಕೊಳೆತದ್ದು ಮಳೆ ಬಂದ ಮೇಲೆ ತಿಳಿಯುತ್ತದೆ. ಹಳೆಯ ಕಾರೂ ಹಾಗೆಯೇ. ನಮ್ಮ ಕಾರು ಈಗಲೂ ನಮ್ಮಲ್ಲೇ ಇದೆ. ಎಲ್ಲವನ್ನೂ ಸರಿಪಡಿಸಿದ ಮೇಲೆ ಅದರಲ್ಲೇ ಮತ್ತೆ ವಿಟ್ಲಕ್ಕೆ ಹೋಗಿ ಬಂದೆವು. ತಮ್ಮ ಈಗ ಘಟ್ಟದ ತಲೆಯಲ್ಲೇ ಗೇರು ಇಳಿಸುತ್ತಾನೆ, ಹಿಂದಿನ ಸೀಟಿನ ನಾವು ಹೇಳುವವರೆಗೆ ಕಾಯುವುದಿಲ್ಲ.