ರಟ್ಟಿನ ಮೇಲಿನ ಹಳೆಯ ಛಾಯಾಚಿತ್ರಗಳು

ಮನೆಯ ಹಳೆಯ ಟ್ರಂಕುಗಳಲ್ಲಿ ದೊರೆಯುವ, ದಪ್ಪ ರಟ್ಟಿಗೆ ಅಂಟಿಸಿದ ಕಂದುಬಣ್ಣದ ಛಾಯಾಚಿತ್ರಗಳ ಅಂಚನ್ನು ಹೊಸ ಚೌಕಟ್ಟಿಗೆ ಹೊಂದಿಸಲೆಂದು ಕತ್ತರಿಸುವುದೂ, ಚಿತ್ರವನ್ನೇ ರಟ್ಟಿನಿಂದ ಕಿತ್ತು ತೆಗೆಯುವುದೂ ಉಂಟು. ಹಾಗೆ ಮಾಡಿದಲ್ಲಿ ಚಿತ್ರದ ಅರ್ಧ ಚರಿತ್ರೆ ನಷ್ಟವಾಗುತ್ತದೆ.

ರಟ್ಟು ಕೇವಲ ಅಲಂಕಾರಕ್ಕಾಗಿ ಬಂದುದಲ್ಲ. 1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ ಬಳಕೆಗೆ ತಂದ ಆಲ್ಬುಮೆನ್ ಕಾಗದ ತೀರ ತೆಳುವಾದುದು. ಉಪ್ಪು ಬೆರೆಸಿದ ಮೊಟ್ಟೆಯ ಬಿಳಿಯನ್ನು ಅದಕ್ಕೆ ಲೇಪಿಸಿ, ಸಿಲ್ವರ್ ನೈಟ್ರೇಟ್ ದ್ರಾವಣದಿಂದ ಬೆಳಕಿಗೆ ಸ್ಪಂದಿಸುವಂತೆ ಮಾಡುತ್ತಿದ್ದರು. ಒಣಗಿದೊಡನೆ ಕಾಗದ ಸುರುಳಿ ಸುತ್ತಿಕೊಳ್ಳುತ್ತಿತ್ತು. ಆದಕಾರಣ ಅದನ್ನು ಅಂಟಿನಿಂದ ರಟ್ಟಿಗೆ ಕೂಡಿಸುವುದು ಅನಿವಾರ್ಯವಾಯಿತು.

1854ರಲ್ಲಿ ಪ್ಯಾರಿಸಿನ ದಿಸ್ದೇರಿ ಎಂಬಾತ ಒಂದೇ ಗಾಜಿನ ಫಲಕದ ಮೇಲೆ ಹಲವು ಚಿಕ್ಕ ಚಿತ್ರಗಳನ್ನು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದನು. ಸುಮಾರು 6.3 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದದ ಈ ರಟ್ಟುಗಳಿಗೆ ಭೇಟಿಚೀಟಿಯ ಹೆಸರೇ, ಅಂದರೆ 'ಕಾರ್ತ್ ದ ವಿಸಿತ್' ಎಂಬುದೇ, ನಿಂತಿತು. ಬೆಲೆ ಇಳಿದು, ಚಿತ್ರಗಾರನಿಂದ ಭಾವಚಿತ್ರ ಬರೆಸಿಕೊಳ್ಳಲಾಗದಿದ್ದವರೂ ಡಜನ್ ಲೆಕ್ಕದಲ್ಲಿ ತಮ್ಮ ಚಿತ್ರಗಳನ್ನು ಬಂಧುಗಳಿಗೆ ಹಂಚತೊಡಗಿದರು. 1860ರಲ್ಲಿ ಮೇಯಾಲ್ ಪ್ರಕಟಿಸಿದ ವಿಕ್ಟೋರಿಯಾ ರಾಣಿಯ ಕುಟುಂಬದ ಚಿತ್ರಗಳು ಇಂಗ್ಲೆಂಡಿನಲ್ಲಿ ಈ ಹುಚ್ಚನ್ನು ಮನೆಮನೆಗೆ ಹಬ್ಬಿಸಿದವು. 1866ರ ಸುಮಾರಿಗೆ ಇದಕ್ಕಿಂತ ದೊಡ್ಡದಾದ, ಸುಮಾರು 11 ಸೆಂ.ಮೀ. ಅಗಲ, 16.5 ಸೆಂ.ಮೀ. ಉದ್ದದ 'ಕ್ಯಾಬಿನೆಟ್' ರಟ್ಟು ಬಂದಿತು.

ಅಳತೆಯಂತೆಯೇ ರಟ್ಟಿನ ಇತರ ಲಕ್ಷಣಗಳೂ ಕಾಲವನ್ನು ಸೂಚಿಸುತ್ತವೆ. ತೆಳುವಾದ, ಚೌಕ ಮೂಲೆಯ ರಟ್ಟು ಸಾಮಾನ್ಯವಾಗಿ ಹಳೆಯದು. ಮೂಲೆ ದುಂಡಾದದ್ದು ಬಹುಮಟ್ಟಿಗೆ 1870ರ ನಂತರದ್ದು. ಹಿಂಬದಿಯಲ್ಲಿ ಅಮೆರಿಕದ ತೆರಿಗೆಚೀಟಿ ಇದ್ದರಂತೂ ಅದು 1864ರಿಂದ 1866ರ ನಡುವಿನದೆಂದು ಹೇಳಬಹುದು. ಸ್ಟುಡಿಯೊದ ಹೆಸರು ಇನ್ನೂ ಬಲವಾದ ಸಾಕ್ಷಿ. ಸಿಕಂದರಾಬಾದಿನಲ್ಲಿ ನೆಲೆಸಿದ್ದ ರಾಜಾ ದೀನ್ ದಯಾಳ್ ಮುಂಬಯಿಯಲ್ಲಿ ಸ್ಟುಡಿಯೊ ತೆರೆದದ್ದು 1896ರಲ್ಲಿ; ಅವರ ಹೆಸರಿನೊಡನೆ ಮುಂಬಯಿಯ ವಿಳಾಸವೂ ಅಚ್ಚಾಗಿದ್ದರೆ ಆ ರಟ್ಟು ಅದಕ್ಕೂ ಹಿಂದಿನದಾಗಿರಲಾರದು. ಆದರೆ ಒಂದು ಎಚ್ಚರ: ಗಾಜಿನ ಫಲಕವನ್ನು ಕಾದಿರಿಸಿ ವರ್ಷಗಳ ಬಳಿಕವೂ ಪ್ರತಿ ತೆಗೆದುಕೊಡುವ ಪದ್ಧತಿಯಿತ್ತು. ರಟ್ಟು ಹೇಳುವುದು ಪ್ರತಿಯ ವಯಸ್ಸನ್ನು. ಚಿತ್ರದಲ್ಲಿರುವ ಅಜ್ಜಿ ಕ್ಯಾಮೆರಾದ ಮುಂದೆ ಕುಳಿತ ದಿನವನ್ನಲ್ಲ.

ಇಂತಹ ಚಿತ್ರಗಳನ್ನು ನೀರಿನಿಂದ ಒರೆಸಬಾರದು, ಅಂಟುಪಟ್ಟಿ ಹಚ್ಚಬಾರದು. ಮುಂಬಯಿ, ಚೆನ್ನೈಗಳಂತಹ ಕರಾವಳಿ ನಗರಗಳಲ್ಲಿ ತೇವದ ಗೋಡೆಯಿಂದ ದೂರವಿಡುವುದು ಅವಶ್ಯ. ಆಮ್ಲರಹಿತ ಕಾಗದದಲ್ಲಿ ಸುತ್ತಿ ಮಟ್ಟಸವಾಗಿ ಇಡಬೇಕು. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಅವರಿಂದ ಹೆಸರು, ಊರು ಕೇಳಿ, ರಟ್ಟಿನ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಹಗುರವಾಗಿ ಬರೆದಿಡಬೇಕು. ಶಾಯಿ ಬಳಸಕೂಡದು.